ಎರಡನೇ ಭಾಗ ನಮ್ಮದು

ಇವತ್ತು ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಹಾಲನ್ನು ಒಲೆಯ ಮೇಲಿಟ್ಟೆ. ನಮ್ಮ ಯಜಮಾನರು ಮಂಡಿ ಹಿಡಿದುಕೊಂಡು ನಡುಮನೆಯಲ್ಲಿ ಕೂತಿದ್ದರು. ನಿನ್ನೆ ಸಿರಾ ಪೇಟೆಯಿಂದ ತಂದ ನೀಲಗಿರಿ ಎಣ್ಣೆಯ ಮುಚ್ಚಳ ಬಿಗಿಯಾಗಿತ್ತು; ಸೆರಗಿನಲ್ಲಿ ಹಿಡಿದು ತಿರುಗಿಸಿದೆ. ಘಾಟು ಮೂಗಿಗೆ ಹತ್ತಿದ್ದೇ ತಡ, ಹಾಲು ಉಕ್ಕಿದ್ದೂ ತಿಳಿಯಲಿಲ್ಲ. "ಏನೇ, ಸೀದ ವಾಸನೆ!" ಎಂದು ಅವರು ಕೂಗುವ ಹೊತ್ತಿಗೆ ನಾನು ಮಧುಗಿರಿಯ ನಮ್ಮ ಕಾನ್ವೆಂಟಿನ ಮೈದಾನ ತಲುಪಿಬಿಟ್ಟಿದ್ದೆ. ಎದುರಿಗೆ ಬೋಳು ಬಂಡೆಯ ಬೆಟ್ಟ. ಅದಕ್ಕೆ ಬೆನ್ನು ಮಾಡಿ ನಿಂತ ನಮ್ಮ ಡ್ರಿಲ್ ಮಿಸ್...

ಎಂಬತ್ತರ ದಶಕದ ಮಾತು. ನಾನು ಎಂಟನೇ ಕ್ಲಾಸು. ಮಿಸ್ ವೈ.ಎನ್.ಹೊಸಕೋಟೆ ಕಡೆಯವರು, ಕನ್ನಡ ಆಡುತ್ತಾ ಆಡುತ್ತಾ ತೆಲುಗಿಗೆ ಜಾರುತ್ತಿದ್ದರು. ಅವರು ಹತ್ತಿರ ಬಂದರೆ ನೀಲಗಿರಿ ಎಣ್ಣೆ ಘಂ ಎನ್ನುತ್ತಿತ್ತು. ಎಡಮಂಡಿ ಸ್ವಲ್ಪ ಊದಿಕೊಂಡೇ ಇರುತ್ತಿತ್ತು. ಅವರು ಬರುವ ಮೊದಲು ಹುಡುಗಿಯರಿಗೆ ಡ್ರಿಲ್ ಎಂದರೆ ಲೇಜಿಮ್ ಮತ್ತು ರಿಂಗ್ ಆಟ, ಅಷ್ಟೇ. ಅವರು ಬಂದ ಮೇಲೆ ಡ್ರಿಲ್ ಪೀರಿಯಡ್ಡಿನಲ್ಲಿ ಒಂದು ಸಿನಿಮಾ ನಡೆಯತೊಡಗಿತು.

ಹಿಂದೂಪುರದಲ್ಲಿ ಅವರು ಕರಾಟೆ ಸಿನಿಮಾ ನೋಡಿ ಬಂದಿದ್ದರು. ಬೆಟ್ಟದ ಮೇಲೆ ಒಬ್ಬ ಮುದಿ ಗುರು, ಕಲಿಯಲು ಬಂದ ಪಡ್ಡೆ ಹುಡುಗರು. ಪೇಪರಿನಲ್ಲಿ ಬಂದ ಅವರ ಚಿತ್ರವನ್ನೂ ಕತ್ತರಿಸಿ ತಂದು ತೋರಿಸಿದ್ದರು. ವಾರಕ್ಕಿಷ್ಟು ಎಂದು ಕಥೆ ಹೇಳುತ್ತಿದ್ದರು. ಹೇಳಿದಷ್ಟನ್ನು ಮಾಡಿ ತೋರಿಸುತ್ತಿದ್ದರು. ಒದೆಯುವ ಮೊದಲು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಆ ಸಿಕ್ಕಿಸುವ ಕೈಯ ಚುರುಕು ನನಗೆ ಒದೆತಕ್ಕಿಂತ ಹೆಚ್ಚು ನೆನಪಿದೆ. "ಮೊದ್ಲು ನಿಂತ್ಕೊಳ್ಳೋದು ಕಲೀರಮ್ಮ. ಯಾರಾದ್ರೂ ತಳ್ಳಿದ್ರೆ ನೀವು ಅಲ್ಲಾಡಬಾರ್ದು," ಎನ್ನುತ್ತಾ ಬಂದು ನಮ್ಮ ಭುಜ ತಳ್ಳಿ ನೋಡುತ್ತಿದ್ದರು. ಹಿಂದೂಪುರದಲ್ಲಿ ಅವರಿಗೊಬ್ಬ ಗುರು ಇದ್ದಾರೆಂದು ನಾವೇ ಅಂದುಕೊಂಡಿದ್ದೆವು.

ಅಷ್ಟರಲ್ಲಿ ಆ ಸಿನಿಮಾದ ಎರಡನೇ ಭಾಗ ನಮ್ಮೂರ ಟೆಂಟಿಗೇ ಬಂತು. ಫೈಟಿಂಗ್ ಪಿಕ್ಚರಿಗೆ ಹೆಣ್ಣುಮಕ್ಕಳನ್ನು ಯಾರೂ ಕಳಿಸುತ್ತಿರಲಿಲ್ಲ. ಮಿಸ್ ಮನೆಮನೆಗೆ ಹೋಗಿ ಕೇಳಿದರು. ನಮ್ಮಪ್ಪ ಪೇಪರ್ ಮಡಿಸದೆಯೇ ಅಂದರು: "ಹೆಣ್ಮಕ್ಳು ಒದೆಯೋದು ಕಲ್ತ್ರೆ ಯಾರು ಮದುವೆ ಆಗ್ತಾರಮ್ಮ?"

"ಒದೆಸ್ಕೊಳ್ಳೋದು ಕಲ್ತ್ರೆ ಮಾತ್ರ ಆಗ್ತಾರಾ ಸಾರ್?"

ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಅಮ್ಮ ಹೊರಗೆ ಬಂದು ನನ್ನ ಜಡೆಗೆ ರಿಬ್ಬನ್ ಕಟ್ಟಿ, "ಹೋಗ್ಬುಟ್ಟು ಬಾ," ಎಂದಳು.

ಟೆಂಟಿನಲ್ಲಿ ಹೆಂಗಸರ ಕಡೆ ಇದ್ದವರು ನಾವಷ್ಟೇ. ಗಂಡಸರ ಕಡೆಯಿಂದ ಒಬ್ಬ, "ಏನಮ್ಮೋ, ದಾರಿ ತಪ್ಪಿ ಬಂದ್ಬುಟ್ರಾ? ಭಕ್ತಿ ಪಿಚ್ಚರ್ ಮುಂದಿನ ವಾರ ಕಣಮ್ಮ!" ಎಂದು ಕೂಗಿದ. ಮಿಸ್ ತಿರುಗಿಯೂ ನೋಡಲಿಲ್ಲ, ಕಡಲೆಕಾಯಿ ಸುಲಿದು ನಮ್ಮ ಕೈಗೆ ಹಾಕುತ್ತಾ ಹೋದರು. ಪರದೆಯ ಮೇಲೆ ಇಂಗ್ಲಿಷ್ ಮಾತು. ಕಾನ್ವೆಂಟಿನವರಾದ ನಮಗೂ ಒಂದಕ್ಷರ ಹತ್ತಲಿಲ್ಲ. ಹಾಗಂತ ಯಾರೂ ಒಪ್ಪಲಿಲ್ಲ. ಮಿಸ್ ತೋರಿಸಿದ್ದ ಚಿತ್ರದ ಹುಡುಗರು ಅವರೇ, ಬೆಟ್ಟ ಅದೇ. ಆದರೆ ಗುರು... ಗುರುವಿನ ವೇಷದಲ್ಲಿ ಬೇರೆ ಯಾರೋ ಇದ್ದ! "ಲೇ, ಗುರು ಡೂಪ್ಲಿಕೇಟು ಕಣ್ಲಾ! ದುಡ್ಡು ವಾಪಸ್ ಕೊಡ್ಲಾ!" ಎಂದು ಮೊದಲ ಭಾಗ ನೋಡಿದ್ದವರು ಶುರು ಮಾಡಿ, ಟೆಂಟಿಡೀ ಗಲಾಟೆ. ನಮಗೆ ಅಳುವೇ ಬಂತು.

ವಾಪಸ್ ಬರುವ ದಾರಿಯಲ್ಲಿ ಮಿಸ್ ನಕ್ಕು, ತೆಲುಗಿಗೆ ಜಾರಿದರು. "ಕಾದಮ್ಮಾ, ಹಂಗಲ್ಲ. ಮೊದ್ಲನೇ ಭಾಗ ಗುರುದು. ಎರಡನೇ ಭಾಗ ಹುಡುಗರದು. ಗುರು ಯಾರಾದ್ರೇನು, ಅವರು ನಿಲ್ಲೋದು ಮರೆತಿಲ್ಲ, ನೋಡಿದ್ರಾ?"

ನಾನು ನೋಡಿರಲಿಲ್ಲ. ಗುರುವಿನ ಹೊಸ ಗಡ್ಡವನ್ನಷ್ಟೇ ನೋಡಿದ್ದೆ.

ಟೆಂಟಿನ ಸುದ್ದಿ ಊರಿಗೆ ಹಬ್ಬಲು ಬೆಳಗಾಗುವುದೇ ಸಾಕಾಯಿತು. ಎಣ್ಣೆ ಮಿಲ್ಲಿನ ಸಾಹುಕಾರರ ಮಗಳು ನಮ್ಮದೇ ಕ್ಲಾಸು, ಅವಳನ್ನು ಸಿನಿಮಾಕ್ಕೆ ಕಳಿಸಿರಲಿಲ್ಲ. ಆ ಸಾಹುಕಾರರು ಜೀಪಿನಲ್ಲಿ ಬಂದು, ಮೈದಾನದಲ್ಲೇ, ನಮ್ಮೆಲ್ಲರ ಎದುರಿಗೇ ಹೆಡ್ ಸಿಸ್ಟರನ್ನು ಕೇಳಿದರು: "ಹೆಣ್ಮಕ್ಳ ಕೈಲಿ ಕಾಲು ಎತ್ತಿಸ್ತಾವ್ರಲ್ಲ ಈಯಮ್ಮ, ಇವರಿಗೆ ಕಲಿಸಿದೋರು ಯಾರು? ಸರ್ಟಿಫಿಕೇಟ್ ಎಲ್ಲೈತೆ?"

ಸಿಸ್ಟರ್ ಮಿಸ್‌ನತ್ತ ನೋಡಿದರು. ಮಿಸ್ ಯಾವನೋ ಗುರುವಿನ ಹೆಸರು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹಿಂದೂಪುರಕ್ಕೆ ಹೋಗಿ ವಿಚಾರಿಸುವವರು ಯಾರಿದ್ದರು?

"ಯಾರೂ ಕಲಿಸಿಲ್ಲ ಸಿಸ್ಟರ್. ಸಿನಿಮಾ ನೋಡಿ ಕಲ್ತೆ. ಪರದೆ ಮೇಲೆ ನೋಡಿದ್ದನ್ನ ನಮ್ಮನೆ ಮಾಳಿಗೆ ಮೇಲೆ ಮಾಡ್ದೆ. ಬಿದ್ದೆ. ಎದ್ದು ಮತ್ತೆ ಮಾಡ್ದೆ." ಆಮೇಲೆ ಸಾಹುಕಾರರ ಕಡೆ ತಿರುಗಿ ಮಂಡಿ ತಟ್ಟಿದರು. "ಸರ್ಟಿಫಿಕೇಟು ಇದೇ ಸಾರ್. ವಾಸ್ನೆ ಬರ್ತಿಲ್ವಾ?"

ಯಾರೋ ಕಿಸಕ್ಕೆಂದರು. ಸಾಹುಕಾರರ ಮುಖ ಕೆಂಪಾಯಿತು. ಆ ಟರ್ಮ್ ಮುಗಿಯುವಷ್ಟರಲ್ಲಿ ಮಿಸ್‌ನ ಕೆಲಸವೂ ಮುಗಿಯಿತು. ಪಾವಗಡದ ಬಸ್ಸು ಹತ್ತುವಾಗ ಅವರ ಕೈಯಲ್ಲಿ ಒಂದು ಬ್ಯಾಗು, ಕೊರಳಲ್ಲಿ ಸೀಟಿ. ಅದನ್ನು ಬಿಚ್ಚಲು ಮರೆತಿದ್ದರೋ, ಬೇಕೆಂದೇ ಹಾಕಿಕೊಂಡಿದ್ದರೋ...

ಸಿನಿಮಾ ನೋಡಿ ಕಲಿತದ್ದು ಕಲಿಕೆಯೇ ಅಲ್ಲ ಎಂದಿತು ಊರು. ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನಾವು ಸಾರು ಮಾಡುವುದನ್ನು ಕಲಿತದ್ದೂ ನೋಡಿಯೇ ಅಲ್ಲವೇ? ಅದಕ್ಕೆ ಯಾರೂ ಸರ್ಟಿಫಿಕೇಟು ಕೇಳುವುದಿಲ್ಲ.

ಹೊಸ ಡ್ರಿಲ್ ಮೇಷ್ಟ್ರು ಬಂದರು. ಒಳ್ಳೆಯವರೇ. ಮತ್ತೆ ಲೇಜಿಮ್ ಶುರುವಾಯಿತು. ಆದರೆ ಮಧ್ಯಾಹ್ನ ಊಟದ ಡಬ್ಬಿ ತೊಳೆದ ಮೇಲೆ ನಾವು ಕೊಳಾಯಿಯ ಹಿಂದೆ ನಿಂತುಕೊಳ್ಳುತ್ತಿದ್ದೆವು. ಒಬ್ಬರ ಭುಜ ಒಬ್ಬರು ತಳ್ಳಿ ನೋಡುತ್ತಿದ್ದೆವು. ಕೆಲವು ದಿನಕ್ಕೆ ಸಾಹುಕಾರರ ಮಗಳೂ ಬಂದು ಸಾಲಿನ ತುದಿಗೆ ನಿಂತಳು.

ಸ್ಕೂಲ್ ಡೇ ಸಂಜೆ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಸಾಹುಕಾರರು ಕೂತಿದ್ದರು. ಲೇಜಿಮ್ ಮುಗಿಯಿತು, ಚಪ್ಪಾಳೆ ಬಿತ್ತು. ನಾವು ಇಳಿಯಬೇಕಿತ್ತು, ಇಳಿಯಲಿಲ್ಲ. ಮೊದಲು ಲೇಜಿಮ್ ಕೆಳಗಿಟ್ಟವಳು ಸಾಹುಕಾರರ ಮಗಳು. ಉಳಿದವರೂ ಇಟ್ಟೆವು. ಮಿಸ್ ಹೇಳಿಕೊಟ್ಟಂತೆ ಕಾಲು ಅಗಲಿಸಿ, ಮುಷ್ಟಿ ಬಿಗಿದು ನಿಂತೆವು. ಕೂಗಿ, ಒಟ್ಟಿಗೆ ಒದ್ದೆವು. ನನ್ನ ದನಿ ಅಷ್ಟು ದೊಡ್ಡದು ಎಂದು ಆವರೆಗೆ ನನಗೇ ಗೊತ್ತಿರಲಿಲ್ಲ. ಹಲಗೆಯ ವೇದಿಕೆ ನಡುಗಿತು. ಸಾಹುಕಾರರ ಮುಂದಿದ್ದ ಸೋಡಾ ಬಾಟಲಿ ಉರುಳಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ಒಬ್ಬರೇ ಒಬ್ಬರು ತಟ್ಟಿದರು. ಬಳೆಯ ಸದ್ದಿನಿಂದಲೇ ಅದು ಅಮ್ಮ ಎಂದು ತಿಳಿಯಿತು.

ಮಾರನೆಯ ದಿನ ಸಿಸ್ಟರ್ ಎಲ್ಲರನ್ನೂ ಆಫೀಸಿಗೆ ಕರೆದರು. ಟಿ.ಸಿ. ಕೊಟ್ಟೇಬಿಡುತ್ತಾರೆ ಎಂದುಕೊಂಡೇ ಹೋದೆವು. ಆದರೂ ಯಾರೂ "ಸಾರಿ ಸಿಸ್ಟರ್" ಅನ್ನಲಿಲ್ಲ. ಅವರು ಕನ್ನಡಕ ಒರೆಸಿ ಹಾಕಿಕೊಂಡರು. "ಮುಂದಿನ ವರ್ಷ ಸ್ಕರ್ಟಿನ ಒಳಗೆ ಪೈಜಾಮ ಹಾಕಿಕೊಂಡು ಮಾಡಿ," ಎಂದರು. ಅಷ್ಟೇ. ಮುಂದಿನ ವರ್ಷ ಮಾಡಿದೆವು. ಅದರ ಮುಂದಿನ ವರ್ಷ ನಮ್ಮ ಕೆಳಗಿನ ಕ್ಲಾಸಿನವರು ಮಾಡಿದರು.

ಹೋದ ವರ್ಷ ಪಾವಗಡದ ಮದುವೆಯೊಂದರಲ್ಲಿ ಸಿಕ್ಕ ಗೆಳತಿ ಹೇಳಿದಳು, ಮಿಸ್ ತೀರಿಕೊಂಡು ತುಂಬಾ ದಿನವಾಯಿತಂತೆ. ಆ ಸಂಜೆಯ ಸುದ್ದಿ ಅವರಿಗೆ ಮುಟ್ಟಿತ್ತೋ ಇಲ್ಲವೋ... ಕೇಳೋಣವೆಂದರೆ ಅವರಿಲ್ಲ.

ಇವತ್ತು ಸಂಜೆ ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದೆ. ಕೈಯಲ್ಲಿ ಇನ್ನೂ ಆ ಎಣ್ಣೆಯ ಘಾಟು. ಅತ್ತಿತ್ತ ನೋಡಿ, ಬಕೆಟ್ ಕೆಳಗಿಟ್ಟು, ಕಾಲು ಅಗಲಿಸಿ ನಿಂತೆ. ಒದ್ದೆ. ಮಂಡಿ ಚಳಕ್ಕೆಂದಿತು, ಎನ್ನಲಿ. ಇನ್ನೊಮ್ಮೆ ಒದ್ದೆ.

ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಎತ್ತುತ್ತಿದ್ದ ಪಟ್ಟನಾಯಕನಹಳ್ಳಿ ಕಡೆಯ ನೆರೆಮನೆಯಾಕೆಯನ್ನು ನಾನು ನೋಡಿರಲಿಲ್ಲ. ಅವಳು ಕೆಲಸ ನಿಲ್ಲಿಸದೆಯೇ ಅಂದಳು:

"ಅಕ್ಕಾ, ಒದೆಯಂಗಿದ್ರೆ ಸೀರೆ ಎತ್ತಿ ಸೊಂಟಕ್ಕೆ ಸಿಗಿಸ್ಕೊಳ್ಳಿ. ಇಲ್ದಿದ್ರೆ ತೊಡರ್ಕಂಡು ಬಿದ್ಬುಟ್ಟೀರ."