ತಾಯಿಯ ಪರದೆಯಲ್ಲಿ ಸೊನ್ನೆ

ಆಂಜನೇಯನ ಭಕ್ತಬಂಧುಗಳೇ, 2009ರ ಶ್ರಾವಣಕ್ಕೆ ನನ್ನ ಯಜಮಾನರ ಎರಡೂ ಕಿಡ್ನಿ ಕೈಕೊಟ್ಟು ಆರು ತಿಂಗಳಾಗಿತ್ತು. ವಾರಕ್ಕೆ ಮೂರು ದಿನ, ಎರಡು ಬಸ್ ಬದಲಿಸಿ ಡಯಾಲಿಸಿಸ್‌ಗೆ ಹೋಗುತ್ತಿದ್ದರು. ಅದೆಲ್ಲ ನಡೆಯುತ್ತಿದ್ದುದು ನನ್ನ ಕೆಲಸದ ಇ.ಎಸ್.ಐ. ಕಾರ್ಡಿನ ಮೇಲೆ. ಆ ಕೆಲಸವೋ ಇನ್ನೂ ಕಾಯಂ ಆಗಿರಲಿಲ್ಲ, ಅದು ಹೋದರೆ ಕಾರ್ಡೂ ಹೋದಂತೆ.

ಬೊಮ್ಮಸಂದ್ರದ ಸಣ್ಣ ಕಂಪನಿಯೊಂದರಲ್ಲಿ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಔಷಧಿ ಕಾರ್ಖಾನೆಯ ನಾಲ್ಕು ಯಂತ್ರಗಳು ಎಷ್ಟೆಷ್ಟು ಬಾಟಲಿ ತುಂಬಿದವೆಂದು ಒಂದೇ ಪರದೆಯಲ್ಲಿ ತೋರಿಸಬೇಕಿತ್ತು. ಮುಖ್ಯ ಪ್ರೋಗ್ರಾಂ ತಾಯಿ. ಅದು ಫೋರ್ಕ್ ಎಂಬ ಆಜ್ಞೆಯಿಂದ ನಾಲ್ಕು ಮಕ್ಕಳನ್ನು ಹುಟ್ಟಿಸುತ್ತದೆ, ಒಂದೊಂದು ಮಗು ಒಂದೊಂದು ಯಂತ್ರವನ್ನು ನೋಡಿಕೊಳ್ಳುತ್ತದೆ. ಮಕ್ಕಳು ಸರಿಯಾಗಿಯೇ ಎಣಿಸುತ್ತಿದ್ದವು. ತಾಯಿಯ ಪರದೆಯಲ್ಲಿ ಮಾತ್ರ ಸೊನ್ನೆ. ಎರಡು ವಾರ ತಲೆ ಕೆಡಿಸಿಕೊಂಡರೂ ಸೊನ್ನೆ.

ಶುಕ್ರವಾರ ಮ್ಯಾನೇಜರ್ ಕರೆದು, "ಸೋಮವಾರ ಕಸ್ಟಮರ್ ಬರ್ತಾರೆ ಮೇಡಂ. ಇದು ಆಗ್ಲಿಲ್ಲ ಅಂದ್ರೆ ನಿಮ್ಮನ್ನ ಕನ್ಫರ್ಮ್ ಮಾಡಕ್ಕಾಗಲ್ಲ. ಬೇಜಾರ್ ಮಾಡ್ಕೋಬೇಡಿ" ಎಂದರು. ಬೇಜಾರಂತೆ! ಮನೆಗೆ ಬಂದರೆ ಯಜಮಾನರ ಪಾದ ಊದಿತ್ತು. "ಯಾಕೆ ಸಪ್ಪಗಿದೀಯ?" ಎಂದರು. ತಲೆನೋವೆಂದೆ.

ಮರುದಿನ ಬೆಳಿಗ್ಗೆ ನಮ್ಮ ಬೀದಿಯ ಆಂಜನೇಯನ ಗುಡಿಯಲ್ಲಿ ರಾಮನಾಮ ಬರೆಯುವ ಸೇವೆ. ಅವರವರ ಪುಸ್ತಕದಲ್ಲಿ ಬರೆದು, ಎಷ್ಟಾಯಿತೆಂದು ಗೋಡೆಯ ಕಪ್ಪು ಹಲಗೆಯಲ್ಲಿ ತಮ್ಮ ಹೆಸರಿನ ಮುಂದೆ ಹಾಕಬೇಕು. ಅದನ್ನು ನೋಡಿ ಅರ್ಚಕರು ಒಟ್ಟು ಹೇಳುತ್ತಾರೆ. ನಾನು ಕಂಬಕ್ಕೊರಗಿ ಅಳುತ್ತಲೇ ಬರೆದೆ. ಸ್ವಾಮಿಯನ್ನು ಬೈದೂ ಬಿಟ್ಟೆ. ಸಂಜೀವಿನಿಗೆಂದು ಬೆಟ್ಟವನ್ನೇ ಹೊತ್ತು ತಂದವನಿಗೆ ನನ್ನ ಕಷ್ಟ ಭಾರವಾಯಿತೇ ಎಂದು ಕೇಳಿದೆ.

ಅರ್ಚಕರು ಓದಿದ ಪಟ್ಟಿಯಲ್ಲಿ ನನ್ನದು ಬರಲೇ ಇಲ್ಲ. "ನೂರೆಂಟು ಬರ್ದಿದೀನಲ್ಲ ಸ್ವಾಮಿ!" ಎಂದು ರೇಗಿದೆ. ಪಕ್ಕದಲ್ಲಿ ಕೂತಿದ್ದ ಹೂವಿನ ಮುನಿಯಮ್ಮ ನಕ್ಕರು. "ನಿನ್ ಪುಸ್ತಕ್ದಾಗೇ ಬರ್ಕೊಂಡು ಮಡಿಕ್ಕೊಂಡ್ರೆ ಅಯ್ನೋರಿಗೆ ಎಂಗವ್ವಾ ಗೊತ್ತಾಯ್ತದೆ? ಎಲ್ರೂ ನೋಡೋ ಅಲಗೆ ಮ್ಯಾಲೆ ಆಕು."

ನನ್ನ ಪ್ರೋಗ್ರಾಂನಲ್ಲೂ ಆಗಿದ್ದು ಇದೇ. ಫೋರ್ಕ್ ಆದ ಕೂಡಲೇ ಪ್ರತಿ ಮಗುವಿಗೂ ತಾಯಿಯ ಮೆಮೊರಿಯ ಬೇರೆಯೇ ಪ್ರತಿ ಸಿಗುತ್ತದೆ. ಮಕ್ಕಳು ತಮ್ಮ ತಮ್ಮ ಪ್ರತಿಯಲ್ಲಿ ಬರೆದುಕೊಳ್ಳುತ್ತಿದ್ದವು, ತಾಯಿಗೆ ಎಲ್ಲಿಂದ ಕಾಣಬೇಕು? ಎಲ್ಲರಿಗೂ ಕಾಣುವ ಹಂಚಿಕೆಯ ಮೆಮೊರಿಯನ್ನು ಕಂಪ್ಯೂಟರಿನಿಂದ ಬೇರೆಯಾಗಿ ಕೇಳಿ ಪಡೆಯಬೇಕು. ಒಂದೇ ಪ್ರೋಗ್ರಾಂ ತಾನೇ ಎಂದು ನಾನು ಅದನ್ನು ಕೇಳಿಯೇ ಇರಲಿಲ್ಲ.

ಕುಂಕುಮವನ್ನೂ ಇಟ್ಟುಕೊಳ್ಳದೆ ಆಫೀಸಿಗೆ ಓಡಿದೆ. ಫೋರ್ಕ್‌ಗೆ ಮೊದಲೇ ಹಂಚಿಕೆಯ ಜಾಗ ಪಡೆದು, ಪ್ರತಿ ಮಗುವಿಗೂ ಅದರಲ್ಲಿ ಒಂದೊಂದು ಸಾಲು ಕೊಟ್ಟೆ. ಮಧ್ಯಾಹ್ನದ ಊಟದ ಹೊತ್ತಿಗೆ ತಾಯಿಯ ಪರದೆಯಲ್ಲಿ ನಾಲ್ಕೂ ಸಂಖ್ಯೆಗಳು ಓಡುತ್ತಿದ್ದವು. ಒಬ್ಬಳೇ ಕೂತು ಜೋರಾಗಿ ಅತ್ತುಬಿಟ್ಟೆ. ಸೋಮವಾರ ಕೆಲಸ ಕಾಯಂ ಆಯಿತು.

ಯಜಮಾನರು ವಾಸಿಯಾದರೇ ಎಂದು ಕೇಳುವವರಿದ್ದಾರೆ. ಇಲ್ಲ. ಆ ಕಾರ್ಡಿನ ಬಲದಿಂದ ಇನ್ನೂ ನಾಲ್ಕು ವರ್ಷ ನಮ್ಮ ಜೊತೆಗಿದ್ದರು. ಮಗಳು ಎಸ್ಸೆಸ್ಸೆಲ್ಸಿ ಪಾಸಾದದ್ದನ್ನು ಕಣ್ಣಾರೆ ನೋಡಿ, ಪೇಡ ತಿನ್ನಬಾರದೆಂದರೂ ಅರ್ಧ ತಿಂದು ಹೋದರು. ನಾನು ಬೇಡಿದ್ದು ಪೂರ್ತಿ ಆಯುಸ್ಸು, ಸ್ವಾಮಿ ಕೊಟ್ಟದ್ದು ಆ ನಾಲ್ಕು ವರ್ಷ. ಕೊಟ್ಟದ್ದಕ್ಕೆ ಕೈಮುಗಿಯುತ್ತೇನೆ. ಸಾಲಲಿಲ್ಲವೆಂದು ಈಗಲೂ ಅವನ ಎದುರು ನಿಂತೇ ಜಗಳವಾಡುತ್ತೇನೆ, ಕೇಳುವವನು ಅವನೊಬ್ಬನೇ ಎಂಬ ನಂಬಿಕೆಯಿಂದ.