ಅಪ್ಪ ಕೊಣ್ಣೂರು ನೋಡಲು ಬಂದಾಗ

ನನ್ನ ಮದುವೆಯಾಗಿ ಐದು ವರ್ಷವಾದರೂ ಅಪ್ಪ ನಮ್ಮ ಮನೆಯಲ್ಲಿ ಒಂದು ರಾತ್ರಿ ಉಳಿದವನಲ್ಲ. ಬರುತ್ತಿದ್ದ, ಉಣ್ಣುತ್ತಿದ್ದ, ಸಂಜೆಯ ಬಸ್ಸು ಹಿಡಿದು ಮುಶಿಗೇರಿಗೆ ಹೊರಟುಬಿಡುತ್ತಿದ್ದ. ಆ ಮಳೆಗಾಲದಲ್ಲಿ ಮಾತ್ರ ಅವನಿಗೆ ಏನನ್ನಿಸಿತೋ, ಕೈಚೀಲದಲ್ಲಿ ಎರಡು ಧೋತರ ತುರುಕಿಕೊಂಡು ಬಂದ.

‘ಈ ಸಲ ನಿಮ್ಮ ಊರು ಪೂರಾ ನೋಡಿಕೊಂಡ ಹೋಗಾಂವ’ ಎಂದ.

ಕೊಣ್ಣೂರಿನಲ್ಲಿ ನೋಡುವಂಥದ್ದು ಏನಿದೆ ಎಂದು ನನಗೆ ನಗು. ಆದರೆ ಅಪ್ಪ ಎರೆಹೊಲದ ಮನುಷ್ಯ. ಮುಗಿಲು ನೋಡಿ ಬಿತ್ತಿ, ಮುಗಿಲು ನೋಡಿಯೇ ಬೆಳೆದವನು. ಹೊಳೆದಂಡೆಯ ಪೇರಲ ತೋಟಕ್ಕೆ ಕರೆದುಕೊಂಡು ಹೋದರೆ ಒಂದೊಂದು ಗಿಡದ ಬುಡದಲ್ಲೂ ನಿಂತ. ಹಳೆಯ ಕಲ್ಲಿನ ಗುಡಿಗೆ ಹೋದರೆ ಕಂಬಕ್ಕೆ ಬೆನ್ನು ಕೊಟ್ಟು ಮಧ್ಯಾಹ್ನದವರೆಗೆ ಕೂತ. ಎಲ್ಲಕ್ಕಿಂತ ಹೆಚ್ಚು ಹೊತ್ತು ಅವನು ನೋಡಿದ್ದು ಹೊಳೆಯನ್ನು. ‘ಇಷ್ಟು ನೀರು ಸುಮ್ಮನ ಹರದು ಹೊಕ್ಕೈತೇನ?’ ಎಂದು ನನ್ನನ್ನೇ ಕೇಳಿದ, ನಾನೇ ಅದನ್ನು ಬಿಟ್ಟವಳ ಹಾಗೆ.

ಮೂರನೆಯ ದಿನ ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದೆ. ಅಪ್ಪ ಬಾಗಿಲಲ್ಲಿ ನಿಂತು ‘ಇನ್ನ ಏನೈತಿ ನೋಡಾಕ?’ ಎಂದ.

ಹಿಟ್ಟಿನ ಕೈಯಲ್ಲಿದ್ದ ನಾನು ತಿರುಗಿ ಕೂಡ ನೋಡಲಿಲ್ಲ. ‘ಇನ್ನೇನಿಲ್ಲಪಾ. ಹೊಳಿ ದಾಟಿ ಆಚಿ ದಂಡಿ ಮ್ಯಾಲ ನಿಂತ್ರ ಇಡೀ ಊರು ಒಮ್ಮೆಲೆ ಕಾಣತೈತಿ’ ಎಂದೆ.

ಹೋಗು ಎಂದು ಹೇಳಿದ್ದಲ್ಲ. ಬಾಯಿಗೆ ಬಂದದ್ದನ್ನು ಅಂದೆ, ಅಷ್ಟೇ.

ಉಂಡ ಮೇಲೆ ಅಪ್ಪ ಪಡಸಾಲೆಯಲ್ಲಿ ಅಡ್ಡಾಗಿರಬೇಕು ಅಂದುಕೊಂಡು ನಾನು ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಆಗ ಪಂಚಾಯ್ತಿಯ ಗಾಡಿ ಮೈಕು ಹಚ್ಚಿಕೊಂಡು ಬಂತು. ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಹೊಳೆಯ ಕಡೆಗೆ ಯಾರೂ ಹೋಗಬೇಡಿ, ದನಕರು ಬಿಡಬೇಡಿ ಎಂದು ಸಾರುತ್ತಿತ್ತು. ನಮ್ಮಲ್ಲಿ ಒಂದು ಹನಿ ಮಳೆಯಿಲ್ಲ, ಬಿಸಿಲು ಚುರುಗುಟ್ಟುತ್ತಿತ್ತು. ನಮ್ಮ ಹೊಳೆ ಹಾಗೆಯೇ. ದೂರದ ಕಾಡಿನಲ್ಲಿ ಮಳೆ ಬಿದ್ದರೆ ನಮ್ಮಲ್ಲಿ ಏರುತ್ತದೆ.

ಒಳಗೆ ಬಂದು ನೋಡಿದರೆ ಪಡಸಾಲೆ ಖಾಲಿ. ಗೋಡೆಯ ಬಳಿ ಅಪ್ಪನ ಫೋನು ಚಾರ್ಜಿಗೆ ಹಾಕಿತ್ತು.

‘ಬೀಗರು ಆಗಳೇ ಚಪ್ಪಲಿ ಮೆಟ್ಕೊಂಡು ಹ್ವಾದ್ರಲ್ಲ’ ಎಂದರು ಅತ್ತೆ. ‘ನಿನಗ ಹೇಳ್ಯಾರ ಅಂತ ಮಾಡಿದ್ನಿ.’

ಸೇತುವೆಯವರೆಗೆ ನಾನು ಓಡಿಯೇ ಹೋದೆ. ರಸ್ತೆಗೆ ಅಡ್ಡಲಾಗಿ ಹಗ್ಗ ಕಟ್ಟಿದ್ದರು. ಪೊಲೀಸನೊಬ್ಬ ಲಾರಿಗಳನ್ನು ಹಿಂದಕ್ಕೆ ಕಳಿಸುತ್ತಿದ್ದ. ಕೆಂಪು ನೀರು ಸೇತುವೆಯ ಅಂಚಿಗೆ ಬಡಿದು ಮೇಲೆ ಚಿಮ್ಮುತ್ತಿತ್ತು. ಗೋವಿನಜೋಳದ ದಂಟು, ಮುರಿದ ಕೊಂಬೆ, ಯಾರದೋ ಪ್ಲಾಸ್ಟಿಕ್ ಕೊಡ ತೇಲಿ ಹೋಗುತ್ತಿದ್ದವು.

‘ಹಳದಿ ರುಮಾಲಿನ ಹಿರಿಯರು ಈ ಕಡಿ ಬಂದ್ರೇನ್ರಿ?’ ಎಂದು ಕೇಳಿದೆ.

‘ಹಗ್ಗ ಕಟ್ಟಿದ ಮ್ಯಾಲ ಯಾರನ್ನೂ ಬಿಟ್ಟಿಲ್ರಿ. ಅದಕ್ಕಿಂತ ಮದಲ ಯಾರ ಹೋಗ್ಯಾರ, ನನಗ ಗೊತ್ತಿಲ್ಲ’ ಎಂದ.

ದಂಡೆಯಲ್ಲಿ ನಾಲ್ಕೈದು ಮಂದಿ ತಮ್ಮ ಪಂಪನ್ನು ಹಗ್ಗ ಹಾಕಿ ಮೇಲಕ್ಕೆ ಎಳೆಯುತ್ತಿದ್ದರು. ಅವರಲ್ಲೊಬ್ಬ ಕೈ ಬಿಡದೆಯೇ ಹೇಳಿದ: ‘ಹಳದಿ ರುಮಾಲಾ? ಹೊಳಿ ಮೆಟ್ಟಲ ಮ್ಯಾಲ ಕುಂತಿದ್ರಲ್ಲ ಬೇ, ಕಾಲು ನೀರಾಗ ಇಳಿಬಿಟ್ಕೊಂಡು.’

‘ಯಾವಾಗ?’

‘ಭಾಳ ಹೊತ್ತಾತು.’

ನಾನು ಮೆಟ್ಟಿಲಿನ ಕಡೆ ನೋಡಿದೆ. ಮೆಟ್ಟಿಲು ಇರಲಿಲ್ಲ. ಮೇಲಿನ ಎರಡೇ ಕಲ್ಲು ಕಾಣುತ್ತಿದ್ದವು, ನೋಡನೋಡುತ್ತಿದ್ದಂತೆ ಅವುಗಳಲ್ಲೊಂದು ಹೋಯಿತು. ಅಪ್ಪನಿಗೆ ಈಜು ಬರುವುದಿಲ್ಲ.

ಗಂಡ ನರಗುಂದದಿಂದ ಬೈಕ್ ಹತ್ತಿ ಬಂದ. ಅವನು ತೋಟದ ಕಡೆಗೆ ಹೋದ, ನಾನು ದಂಡೆಗುಂಟ ಮೇಲಕ್ಕೂ ಕೆಳಕ್ಕೂ ನಡೆದೆ. ಎರಡು ಸಲ ‘ಅಪ್ಪಾ’ ಎಂದು ಕೂಗಿದೆ. ನೀರಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಮೂರನೆಯ ಸಲ ಕೂಗಲು ಧೈರ್ಯ ಬರಲಿಲ್ಲ. ಮುಶಿಗೇರಿಯಲ್ಲಿ ಅವ್ವನಿಗೆ ಏನೆಂದು ಹೇಳಲಿ? ನಾನೇ ಆಚೆ ದಂಡೆಗೆ ಹೋಗಲು ಹೇಳಿದೆ ಎಂದೇ?

ಹೊತ್ತು ಇಳಿಯುವಾಗ ಗಂಡ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಮನೆಗೆ ತಂದ. ಠಾಣೆಗೆ ಅಪ್ಪನ ಫೋಟೋ ಒಯ್ಯಬೇಕಿತ್ತು. ಒಳಗೆ ಕಾಲಿಡುವಾಗಲೇ ಅಪ್ಪನ ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಯಿತು.

‘ಮಧ್ಯಾನ್ನದಿಂದ ಹಿಂಗ ಬಡಕೊಳ್ಳಾಕತ್ತೈತಿ’ ಎಂದರು ಅತ್ತೆ. ‘ಬೀಗರ ಫೋನು, ನಾ ಹ್ಯಾಂಗ ಎತ್ತಲಿ?’

ಒಂದೇ ನಂಬರಿನಿಂದ ಒಂಬತ್ತು ಸಲ ಬಂದಿತ್ತು. ಗಂಡನೇ ಒತ್ತಿ ನನ್ನ ಕಿವಿಗಿಟ್ಟ. ಆ ಕಡೆಯಿಂದ ಗಂಡಸಿನ ದನಿ. ‘ಹಾಂ ಅಕ್ಕಾರ, ನಾನು ಆಚಿ ದಂಡ್ಯಾಂವ, ಪಂಚರ ಅಂಗಡಿಯಾಂವ. ನಿಮ್ಮ ಹಿರಿಯರು ನಮ್ಮ ಮನ್ಯಾಗ ಅದಾರ್ರಿ. ತಮ್ಮ ನಂಬರ ಒಂದ ಬಿಟ್ರ ಬ್ಯಾರೆ ನಂಬರ ಬಾಯಿಪಾಠ ಇಲ್ಲಂತ.’

ಆಮೇಲೆ ಅಪ್ಪನ ದನಿ ಬಂತು. ‘ಯವ್ವಾ, ಉಂಡಿ?’

ನಾನು ಅಳಲಿಲ್ಲ. ಬೈದೆ. ಅಪ್ಪನನ್ನು ಹಿಂದೆಂದೂ ಬೈದವಳಲ್ಲ, ಅವತ್ತು ಅತ್ತೆಯ ಎದುರಿಗೇ ಬಾಯಿಗೆ ಬಂದಂತೆ ಬೈದೆ. ಅವನು ‘ಹೂಂ, ಹೂಂ’ ಎನ್ನುತ್ತ ಎಲ್ಲವನ್ನೂ ಕೇಳಿಸಿಕೊಂಡ.

ಮೂರು ದಿನ ನೀರು ಇಳಿಯಲಿಲ್ಲ. ಆ ಮೂರೂ ದಿನ ಅಪ್ಪ ಆ ಪಂಚರ ಅಂಗಡಿಯ ಸಾಬರ ಮನೆಯಲ್ಲೇ ಉಂಡ, ಅವರ ಹಾಸಿಗೆಯಲ್ಲೇ ಮಲಗಿದ. ಸಂಜೆ ನಾನು ಈ ದಂಡೆಯಲ್ಲಿ ನಿಂತರೆ ಆ ದಂಡೆಯಲ್ಲಿ ಒಂದು ಹಳದಿ ಚುಕ್ಕೆ ಕಾಣುತ್ತಿತ್ತು. ಅದು ಅಪ್ಪನೇ ಎಂದು ಗಟ್ಟಿ ಮಾಡಿಕೊಳ್ಳುವವರೆಗೆ ನಾನು ಮನೆಗೆ ಹೋಗುತ್ತಿರಲಿಲ್ಲ.

ಸೇತುವೆ ತೆರೆದ ದಿನ ಪಂಚರ ಅಂಗಡಿಯವನೇ ಅವನನ್ನು ಗಾಡಿಯ ಮೇಲೆ ತಂದು ಬಿಟ್ಟ. ಚಹಾ ಕುಡಿದು ಲಗೂ ಹೊರಟುಹೋದ. ಅಪ್ಪನೂ ಅವತ್ತೇ ಊರಿಗೆ ಹೋಗುತ್ತೇನೆಂದ. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೇ ಕೂತಾಗ ಕೇಳಿದೆ, ‘ಊರು ಕಾಣ್ತೇನು?’

‘ನಾ ದಾಟಲಿಲ್ಲಬೇ’ ಎಂದ. ‘ಮೆಟ್ಟಲ ಮ್ಯಾಲಿಂದ ಎದ್ದು ಸೇತುವೆ ನಡಬರಕ ಹೋಗಿ ಕೆಳಗ ನೋಡಿದೆ. ನೀರು ನಿಂತಂಗಾತು, ಸೇತುವೆನ ಓಡಾಕ ಹತ್ತಿದಂಗಾತು. ಕಂಬಿ ಹಿಡಕೊಂಡು ಕುಂತಬಿಟ್ಟೆ. ಮುಂದೂ ಹೋಗಾಕ ಆಗವಲ್ದು, ಹಿಂದೂ ಬರಾಕ ಆಗವಲ್ದು. ನೀರು ಅಂಗಾಲಿಗೆ ಬಡಿಯಾಕತ್ತಿತ್ತು. ಆ ಪುಣ್ಯಾತ್ಮ ಗಾಡಿ ನಿಂದ್ರಿಸಿ ನನ್ನ ಬೆರಳ ಒಂದೊಂದ ಬಿಡಿಸಿ ಎತ್ತಿಕೊಂಡ. ಅಂವ ಆ ಕಡಿ ಹೊಂಟಿದ್ದ, ಅದಕ್ಕ ನಾನೂ ಆ ಕಡಿ ಹ್ವಾದೆ.’ ಆಮೇಲೆ, ‘ನಿಮ್ಮ ಅವ್ವಗ ಹೇಳಬ್ಯಾಡ’ ಎಂದ.

ನಾನು ಅವನ ಕೈ ನೋಡಿದೆ. ಅಂಗೈಯಲ್ಲಿ ಕಂಬಿಯ ಗೀರು ಇನ್ನೂ ಕೆಂಪಗಿತ್ತು. ರೋಣದ ಬಸ್ಸು ತುಂಬಿಕೊಂಡು ಬಂತು. ಅವನ ಚೀಲ ಹಿಡಿದು ನಾನೇ ಮೊದಲು ಹತ್ತಿ, ಒಬ್ಬಳನ್ನು ಬೇಡಿಕೊಂಡು ಸೀಟು ಬಿಡಿಸಿ ಅವನನ್ನು ಕೂರಿಸಿದೆ. ಕಂಡಕ್ಟರ್ ಸೀಟಿ ಊದಿದ ಮೇಲೆಯೇ ಇಳಿದೆ.