ಪೂಜೆಗಿಟ್ಟ ಸ್ಪ್ಯಾನರುಗಳು

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಗೇಜುಗಳ ಅಳತೆ ಸರಿಯಿದೆಯೇ ಎಂದು ನೋಡುವುದೇ ವರ್ಷಾನುಗಟ್ಟಲೆ ನನ್ನ ಕೆಲಸವಾಗಿತ್ತು. ಕೂದಲೆಳೆಯಷ್ಟು ತಪ್ಪಿದರೂ ಎದುರಿಗಿದ್ದವರ ಜನ್ಮ ಜಾಲಾಡುತ್ತಿದ್ದೆ. ಕಾರ್ಖಾನೆ ಮುಚ್ಚಿದ ಮೇಲೆ ಬಸವೇಶ್ವರನಗರದ ಸಣ್ಣ ಕ್ಲಿನಿಕ್ಕೊಂದಕ್ಕೆ ಸೇರಿಕೊಂಡೆ. ಮಾತು ಸರಿಯಾಗಿ ಹೊರಡದವರಿಗೆ ಚಿಕಿತ್ಸೆ ಕೊಡುವ ಡಾಕ್ಟರಮ್ಮ ಅಲ್ಲಿ ನಾಲಿಗೆಯ ಓಡಾಟ ಅಳೆಯುವ ಯಂತ್ರ ತರಿಸಿದ್ದರು. ಅಕ್ಕಿಕಾಳಿನಷ್ಟು ಸೆನ್ಸರುಗಳನ್ನು ನಾಲಿಗೆಗೆ ಅಂಟಿಸಿ ಅಯಸ್ಕಾಂತದ ಪೆಟ್ಟಿಗೆಯ ಪಕ್ಕ ಕೂರಿಸಿದರೆ, ಮಾತಾಡುವಾಗ ನಾಲಿಗೆ ಎಷ್ಟು ಏಳುತ್ತದೆ ಎಂದು ಕಂಪ್ಯೂಟರ್ ತೋರಿಸುತ್ತದೆ.

ಯಂತ್ರ ನಿಜ ಹೇಳುತ್ತಿದೆಯೇ ಎಂದು ನೋಡುವುದು ನನ್ನ ಪಾಲು. ಪ್ಲಾಸ್ಟಿಕ್ ತುಂಡಿನ ಮೇಲೆ ಎರಡು ಸೆನ್ಸರುಗಳನ್ನು ಸರಿಯಾಗಿ ಇಪ್ಪತ್ತು ಮಿಲಿಮೀಟರ್ ಅಂತರದಲ್ಲಿ ಅಂಟಿಸಿ ಪೆಟ್ಟಿಗೆಯ ಮುಂದೆ ತಿರುಗಿಸುತ್ತಿದ್ದೆ. ಯಾವ ಕಡೆ ಒಯ್ದರೂ ಪರದೆ ಇಪ್ಪತ್ತೇ ಅನ್ನಬೇಕು. ಹತ್ತಿರ ಕಬ್ಬಿಣವಿದ್ದರೆ ಲೆಕ್ಕ ಕೆಡುತ್ತದೆ. ‘ಇಲ್ಲಿ ಕಬ್ಬಿಣ ತರಬೇಡಿ’ ಎಂದು ಬರೆದು ಗೋಡೆಗೆ ಅಂಟಿಸಿದವನೂ ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಆಯುಧಪೂಜೆಯ ಬೆಳಿಗ್ಗೆ ಯಂತ್ರ ನೋಡಿದೆ, ಇಪ್ಪತ್ತು ಬಂತು. ಆಮೇಲೆ ಅದಕ್ಕೆ ಕುಂಕುಮ ಹಚ್ಚಿ, ನನ್ನ ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನೆಲ್ಲ ಪಕ್ಕದಲ್ಲೇ ಜೋಡಿಸಿ, ಹೂ ಹಾಕಿ ಮಂಗಳಾರತಿ ಎತ್ತಿದೆ. ಅಷ್ಟರಲ್ಲಿ ಹೇರೋಹಳ್ಳಿಯಿಂದ ಹೂ ಮಾರುವ ಹೆಂಗಸೊಬ್ಬರು ಬಂದರು. ನಾಲಿಗೆಯ ಎಡಬದಿಯ ಗಡ್ಡೆ ತೆಗೆಸಿಕೊಂಡವರು. ಎಡಬದಿ ಏಳದಿದ್ದರೆ ಗಾಯ ಬಿಗಿದುಕೊಂಡಿದೆ ಎಂದರ್ಥ, ಮತ್ತೆ ಕೊಯ್ಯಬೇಕು.

“ಇವನ್ನ ಆ ಕಡೆ ಇಡ್ತೀರಾ ಸಾರ್?” ಎಂದರು ಡಾಕ್ಟರಮ್ಮ.

“ಪೂಜೆಗಿಟ್ಟಿದ್ದನ್ನ ಇವತ್ತು ಕದಲಿಸ್ಬಾರ್ದು ಮೇಡಂ. ಬೆಳಿಗ್ಗೇನೇ ಚೆಕ್ ಮಾಡಿದೀನಿ, ನೀವು ನೋಡಿ,” ಎಂದೆ, ಸ್ವಲ್ಪ ಜೋರಾಗಿಯೇ. ಆ ಹೊತ್ತಿಗೆ ಅವು ನನ್ನ ಕಣ್ಣಿಗೆ ಕಬ್ಬಿಣವಾಗಿರಲಿಲ್ಲ, ದೇವರಾಗಿದ್ದವು.

ಎಡಬದಿ ಏಳುತ್ತಿಲ್ಲ ಎಂದು ಯಂತ್ರ ಹೇಳಿತು. ರಿಪೋರ್ಟ್ ಹೋಯಿತು, ಆಸ್ಪತ್ರೆಯವರು ಶುಕ್ರವಾರ ಆಪರೇಷನ್ ಎಂದು ಗೊತ್ತುಮಾಡಿದರು.

ವಿಜಯದಶಮಿಗೆ ರಜೆ. ಮರುದಿನ, ಗುರುವಾರ ಬೆಳಿಗ್ಗೆ, ಬಾಡಿದ ಹೂಗಳ ನಡುವೆಯೇ ಪ್ಲಾಸ್ಟಿಕ್ ತುಂಡು ತಿರುಗಿಸಿದೆ. ಬಲಕ್ಕೆ ಇಪ್ಪತ್ತು. ಎಡಕ್ಕೆ ಹದಿನಾರು. ಸ್ಪ್ಯಾನರುಗಳನ್ನು ಬಾಚಿ ಹೊರಗಿಟ್ಟು ಬಂದು ಮತ್ತೆ ತಿರುಗಿಸಿದೆ. ಇಪ್ಪತ್ತು. ನನ್ನ ಮಡಿಯಿಂದ ಒಬ್ಬರ ನಾಲಿಗೆಗೆ ಸುಮ್ಮನೆ ಚಾಕು ಹಾಕುತ್ತಾರಲ್ಲ ಎನಿಸಿ ಅಲ್ಲೇ ಸ್ಟೂಲಿನ ಮೇಲೆ ಕುಸಿದೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ. ಡಾಕ್ಟರಮ್ಮ ಬಂದ ಕೂಡಲೇ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ಫೋನ್ ತೆಗೆದುಕೊಂಡರು. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನ ಆ ಹೆಂಗಸು ಮತ್ತೆ ಬಂದು ಕುಳಿತರು. ಬಾಯಿಂದ ಸಣ್ಣ ವೈರುಗಳು ನೇತಾಡುತ್ತಿದ್ದವು. ಡಾಕ್ಟರಮ್ಮ ಹೇಳಿಕೊಟ್ಟ ಪದಗಳನ್ನು ಒಂದೊಂದಾಗಿ ಹೇಳಿದರು. ನಾನು ಪರದೆ ನೋಡಲಾರದೆ ನೆಲ ನೋಡುತ್ತಿದ್ದೆ.

“ಎಡಗಡೆ ಏಳ್ತಾ ಇಲ್ಲ ಸಾರ್,” ಎಂದರು ಡಾಕ್ಟರಮ್ಮ ಮೆಲ್ಲಗೆ. “ಆಪರೇಷನ್ ಆಗ್ಲೇಬೇಕು.”

ಉಸ್ಸಪ್ಪಾ ಎಂದು ಉಸಿರು ಬಿಟ್ಟೆ. ಬದುಕಿದೆ ಅನಿಸಿತು. ಆಕೆಯ ನಾಲಿಗೆಗೆ ಮತ್ತೆ ಚಾಕು ಬೀಳುತ್ತದೆಂದು ಕೇಳಿ ನನಗೆ ನಿರಾಳವಾಗಿತ್ತು. ಅದು ಅರಿವಾದಾಗ ಹುಟ್ಟಿದ ಹೆದರಿಕೆಯ ಮುಂದೆ ಬೆಳಗಿನದು ಏನೂ ಅಲ್ಲ. ಆಕೆಗೆ ಇದಾವುದೂ ತಿಳಿದಿರಲಿಲ್ಲ. ಇನ್ನೊಂದು ಸಲ ನೋಡಬೇಕು ಎಂದಷ್ಟೇ ಹೇಳಿ ಕರೆಸಿದ್ದರು.

ಹೊರಡುವಾಗ ಆಕೆ ನನ್ನ ಮುಂದೆ ನಿಂತು, ತೊದಲುತ್ತಲೇ, “ಎರಡೆರಡ್ ಸಲ ನೋಡಿದ್ರಲ್ಲಾ ಅಣ್ಣ, ಈಗ ನಂಗೆ ಭಯ ಇಲ್ಲ,” ಎಂದು ಕೈ ಮುಗಿದರು.

ನಾನೂ ಮುಗಿದೆ.